ಆ್ಯಪ್ ಟ್ಯಾಕ್ಸಿ ಚಾಲಕರ ವಿಮೆ: ಅಪಘಾತ ಪರಿಹಾರದ ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಯಲಹಂಕ): ಸರ್, ಬಿಳಿ ಬೋರ್ಡಿನ ಸ್ವಂತ ಕಾರನ್ನು ಬಾಡಿಗೆಗೆ ಓಡಿಸಿದರೆ ವಿಮೆ ಸಿಗುತ್ತದೆಯೇ?

ವಕೀಲರು: ಖಾಸಗಿ ಕಾರಿನ ಪಾಲಿಸಿ ಬಾಡಿಗೆಯ ಬಳಕೆಯನ್ನು ಒಪ್ಪುವುದಿಲ್ಲ. ರಿಪೇರಿಯ ಕ್ಲೇಮು ತಿರಸ್ಕೃತವಾಗಬಹುದು. ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ಕಂಪನಿಯು ನಿಮ್ಮಿಂದ ವಸೂಲಿ ಮಾಡಲೂಬಹುದು.

ಪ್ರಶ್ನೆ (ಹೆಬ್ಬಾಳ): ಬೇರೆಯವರ ಹಳದಿ ಬೋರ್ಡಿನ ಕಾರನ್ನು ದಿನಬಾಡಿಗೆಗೆ ಪಡೆದು ಓಡಿಸುತ್ತೇನೆ. ಬುಕಿಂಗ್‌ಗೆ ಕಾಯುತ್ತಿದ್ದಾಗ ಹಿಂದಿನಿಂದ ಲಾರಿ ಗುದ್ದಿ ಕಾಲು ಮುರಿದಿದೆ. 15 ಲಕ್ಷದ ವಿಮೆ ಇದೆಯೆಂದು ಮಾಲೀಕರು ಹೇಳುತ್ತಾರೆ.

ವಕೀಲರು: ಆ 15 ಲಕ್ಷವನ್ನು ನಂಬಿ ಕೂರಬೇಡಿ. ಅದು ಪರವಾನಗಿಯುಳ್ಳ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ. ಸಾವು ಅಥವಾ ಶಾಶ್ವತ ಅಂಗನಷ್ಟವಾದರೆ ಅವರಿಗೆ ಅನ್ವಯಿಸುತ್ತದೆಯೇ ಹೊರತು, ಬಾಡಿಗೆಗೆ ಪಡೆದ ನಿಮ್ಮ ಆಸ್ಪತ್ರೆ ಬಿಲ್ಲಿಗಲ್ಲ. ನಿಮ್ಮ ಮುಖ್ಯ ದಾರಿ ಲಾರಿಯ ಥರ್ಡ್ ಪಾರ್ಟಿ ವಿಮೆ, ಅಂದರೆ ಆ ವಾಹನದಿಂದ ಹಾನಿಗೊಳಗಾದ ಇತರರಿಗೆ ಪರಿಹಾರ ಕೊಡುವ ವಿಮೆ. ಕೂಡಲೇ ಎಫ್‌ಐಆರ್ ಮಾಡಿಸಿ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಬಿಲ್ಲುಗಳು ಹಾಗೂ ಗಳಿಕೆಯ ದಾಖಲೆಗಳನ್ನು ಜೋಪಾನ ಮಾಡಿ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿ. ಮೋಟಾರು ವಾಹನ ಕಾಯ್ದೆಯ 166(3)ನೇ ಕಲಮು ಅಪಘಾತದ ದಿನದಿಂದ 6 ತಿಂಗಳ ಗಡುವು ವಿಧಿಸಿರುವುದರಿಂದ, ಗುಣವಾಗಲೆಂದು ಕಾಯಬೇಡಿ. ಆ್ಯಪ್ ಕಂಪನಿಯ ಗುಂಪು ವಿಮೆಯಿದ್ದರೆ, ಅದು ಬುಕಿಂಗ್‌ಗೆ ಕಾಯುವ ವೇಳೆಗೂ ಅನ್ವಯಿಸುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಎಫ್‌ಐಆರ್ ಆಗಿದೆಯೇ? ದಯವಿಟ್ಟು ಇಂದೇ ತಿಳಿಸಿ.

ಸದಸ್ಯ (ಕೆಂಗೇರಿ): ಪ್ರಯಾಣಿಕರನ್ನು ನೆಂಟರೆಂದು ಬರೆಸಿದರೆ ಖಾಸಗಿ ವಿಮೆಯೇ ಸಾಕೆಂಬ ಸಂದೇಶ ಬಂದಿದೆ.

ವಕೀಲರು: ಅದನ್ನು ಅಳಿಸಿ, ಮತ್ತೆ ಯಾರಿಗೂ ಕಳುಹಿಸಬೇಡಿ. ಸವಾರಿಯ ದಾಖಲೆ ಆ್ಯಪಿನಲ್ಲಿ ಉಳಿದಿರುತ್ತದೆ. ಸುಳ್ಳು ಹೇಳಿಕೆಯಿಂದ ನ್ಯಾಯವಾದ ಕ್ಲೇಮೂ ಕೈತಪ್ಪುತ್ತದೆ.

ಪ್ರಶ್ನೆ (ಹೊಸಕೋಟೆ): ಎಲೆಕ್ಟ್ರಿಕ್ ಆಟೋದ ಬ್ಯಾಟರಿ ನೀರಿಗೆ ನೆನೆದರೆ ಕ್ಲೇಮು ಬರುತ್ತದೆಯೇ?

ಸದಸ್ಯ (ಪೀಣ್ಯ): ಮೊದಲು ನಿಮಗೆ ಬ್ಯಾಡ್ಜ್ (ಬಾಡಿಗೆ ವಾಹನ ಓಡಿಸಲು ಆರ್‌ಟಿಒ ಕೊಡುವ ಅನುಮತಿ) ಇದೆಯೇ ನೋಡಿ. ಬ್ಯಾಡ್ಜ್ ಇಲ್ಲದವರಿಗೆ ಯಾವ ವಿಮೆಯೂ ಇಲ್ಲ.

ಸದಸ್ಯ (ಕೆಂಗೇರಿ): ತಪ್ಪು. ಎಲ್‌ಎಂವಿ (ಲಘು ಮೋಟಾರು ವಾಹನ) ಪರವಾನಗಿ ಸಾಕು.

ಸದಸ್ಯ (ಪೀಣ್ಯ): ನೆಂಟರ ಸಂದೇಶ ಹಂಚಿದವರಿಂದ ನಾನು ಕಾನೂನು ಕಲಿಯಬೇಕಿಲ್ಲ.

ಸದಸ್ಯ (ಕೆಂಗೇರಿ): ನಿಮ್ಮ ಏಜೆಂಟರ ಮಾತೇ ಕಾನೂನೆಂದು ತಿಳಿದಿದ್ದೀರಿ.

ವಕೀಲರು: 7,500 ಕಿಲೋ ಮೀರದ ಸಾರಿಗೆ ವಾಹನಕ್ಕೆ ಎಲ್‌ಎಂವಿ ಪರವಾನಗಿ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ನೀಡಿದೆ. ಜಗಳ ನಿಲ್ಲಿಸಿ.

ಪ್ರಶ್ನೆ (ಆನೇಕಲ್): ಬಿಳಿ ಬೋರ್ಡಿನ ಕಾರನ್ನು ವಾರಾಂತ್ಯ ಮಾತ್ರ ಓಡಿಸಿದರೆ?

ವಕೀಲರು: ಮೊದಲ ಉತ್ತರವನ್ನು ಓದಿ.

ಸದಸ್ಯ (ಪೀಣ್ಯ): ತೀರ್ಪು ಇರಲಿ, ಆರ್‌ಟಿಒದವರು ಒಪ್ಪಬೇಕಲ್ಲ!

ವಕೀಲರು: ಹೆಬ್ಬಾಳದ ಸದಸ್ಯರೇ, ಎಫ್‌ಐಆರ್ ವಿಷಯಕ್ಕೆ ನೀವಿನ್ನೂ ಉತ್ತರಿಸಿಲ್ಲ.