ಮಗನಿಗೆ 18 ತುಂಬಿತು, ವಿಶೇಷ ಶಾಲೆ ಮುಗಿಯಿತು. ಸಂಸ್ಥೆಯ ಹಗಲು ಕೇಂದ್ರಕ್ಕೆ ಕಳಿಸಿದವರು ಅನುಭವ ಹೇಳುತ್ತೀರಾ?

ತುಮಕೂರು ಅಮ್ಮ:
ಮಗನ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನಲ್ಲಿ ಬುದ್ಧಿಮಾಂದ್ಯ 75% ಅಂತ ಇದೆ. ವಯಸ್ಸು ಮೀರಿತು ಅಂತ ಶಾಲೆಯವರು ಬಿಡಿಸಿದರು. ಹತ್ತಿರದಲ್ಲೇ ಒಂದು ಸ್ವಯಂಸೇವಾ ಸಂಸ್ಥೆ ದೊಡ್ಡವರಿಗೆ ಹಗಲು ತರಬೇತಿ ಕೇಂದ್ರ ನಡೆಸುತ್ತಿದೆ. ಪೇಪರ್ ಕವರ್, ಫಿನಾಯಿಲ್ ಮಾಡಿಸುತ್ತಾರೆ. ತಿಂಗಳಿಗೆ 3,500. ಗದ್ದಲವಾದರೆ ಇವನು ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಮನೆಯವರು ‘ಎಲ್ಲೂ ಬೇಡ, ಮನೇಲಿರಲಿ’ ಎನ್ನುತ್ತಾರೆ. ಕಳಿಸಿದವರು, ಕಳಿಸದವರು ಇಬ್ಬರೂ ಹೇಳಿ.

ಹಾಸನದ ಅಪ್ಪ:
ಕಳಿಸಿ. ನನ್ನ ಮಗಳನ್ನು ಕಳಿಸುತ್ತಿದ್ದೇನೆ. ಫೀ 3,000. ಆದರೆ ಫೀ ಲೆಕ್ಕವೇ ಅಲ್ಲ. ಆಟೋಗೆ 2,400. ಅವಳನ್ನು ಒಬ್ಬಳೇ ಕೂರಿಸುವ ಹಾಗಿಲ್ಲ, ಜೊತೆಗೆ ಹೋಗುವ ಅಜ್ಜಿಗೆ 1,500. ಎರಡು ಜೊತೆ ಬಟ್ಟೆ ಯಾವಾಗಲೂ ಅಲ್ಲಿರಬೇಕು. ಮೊದಲ ಮಳೆಗಾಲವಿಡೀ ಬಟ್ಟೆ ಒದ್ದೆ ಮಾಡಿಕೊಂಡೇ ಬಂದಳು. ಒಮ್ಮೆ ಅಲ್ಲೇ ಫಿಟ್ಸ್ ಬಂತು. ಟೀಚರ್ ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು. ಬಿಲ್ 11,640 ಆಯಿತು. ಇಂಥ ಮಕ್ಕಳಿಗಿರುವ ಸರ್ಕಾರದ ನಿರಾಮಯ ಆರೋಗ್ಯ ವಿಮೆ ಇದ್ದದ್ದು ಪುಣ್ಯ, ವರ್ಷಕ್ಕೆ ಒಂದು ಲಕ್ಷದವರೆಗೆ ಕೊಡುತ್ತಾರೆ. ಆದರೂ ಒಂದು ಔಷಧಿ ಚೀಟಿಗೆ ಸೀಲ್ ಇಲ್ಲ ಅಂತ 1,870 ಕಡಿದರು. ಇವತ್ತು ಅವಳು ಕವರ್ ಅಂಟಿಸಿ ತಿಂಗಳಿಗೆ 400 ರೂಪಾಯಿ ತರುತ್ತಾಳೆ. ಆ ದುಡ್ಡನ್ನು ನಾನು ಮುಟ್ಟಿಲ್ಲ.

ಮೈಸೂರು, ಮನೆಯಲ್ಲೇ ನೋಡಿಕೊಳ್ಳುವವಳು:
400 ರೂಪಾಯಿಗೆ ಖುಷಿಪಡುವವರು ಖುಷಿಪಡಲಿ. ನಾವು ಸೇರಿಸಿದಾಗ ಫೀ 2,000. ಎರಡನೇ ವರ್ಷ 3,500, ಆಮೇಲೆ 5,500. ಮೇಲೆ ‘ಕಟ್ಟಡ ನಿಧಿ’ 15,000, ಕೊಟ್ಟಿದ್ದಕ್ಕೆ ರಸೀದಿಯೇ ಇಲ್ಲ. ರಸೀದಿ ಕೇಳಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಆಯಾಗಳು ನಿಲ್ಲುವುದಿಲ್ಲ. ಒಬ್ಬಳಿಗೆ ಮಗ ಹೊಂದಿಕೊಳ್ಳುವಷ್ಟರಲ್ಲಿ ಅವಳು ಗಾರ್ಮೆಂಟ್ಸ್‌ಗೆ ಹೋಗಿಬಿಡುತ್ತಿದ್ದಳು. ಹೊಸಬರ ಕೈಯಲ್ಲಿ ಅವನು ಊಟ ಮಾಡುತ್ತಿರಲಿಲ್ಲ, ಆರು ಕೆಜಿ ಇಳಿದ. ಬಿಡಿಸಿದೆ. ಕೆಲಸ ಬಿಟ್ಟೆ, 23,000 ಸಂಬಳ ಹೋಯಿತು. ಈಗ ನನ್ನ ಜೊತೆ ಬಟ್ಟೆ ಮಡಚುತ್ತಾನೆ, ಅವರೆಕಾಯಿ ಸುಲಿಯುತ್ತಾನೆ. ನನ್ನ ಮಗನಿಗೆ ನನಗಿಂತ ದೊಡ್ಡ ಸಂಸ್ಥೆ ಬೇಕಿಲ್ಲ.

ವಿಶೇಷ ಶಿಕ್ಷಕಿ, ಉತ್ತರ ಕನ್ನಡ:
ಆಯಾ ಗಾರ್ಮೆಂಟ್ಸ್‌ಗೆ ಯಾಕೆ ಹೋಗುತ್ತಾಳೆ ಅಂತ ಒಮ್ಮೆಯಾದರೂ ಕೇಳಿದಿರಾ ಅಕ್ಕ? ಅಲ್ಲಿ ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ. ನಮ್ಮಲ್ಲಿ ಮಕ್ಕಳಿಗೆ ಸರ್ಕಾರದ ಶಿಶುಕೇಂದ್ರಿತ ಸಹಾಯಧನ ಇದೆ, ಅದೂ ತಡವಾಗಿ ಬರುತ್ತದೆ. ದೊಡ್ಡವರ ಕೇಂದ್ರಕ್ಕೆ ನಮಗೆ ಯಾವ ಅನುದಾನವೂ ಇಲ್ಲ. ಮೊದಲು ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ವಿದೇಶಿ ದೇಣಿಗೆಯಲ್ಲಿ ನಮಗೂ ಪಾಲು ಕೊಡುತ್ತಿತ್ತು. 2020ರಲ್ಲಿ ವಿದೇಶಿ ದೇಣಿಗೆಯ ಕಾಯ್ದೆಗೆ (ಎಫ್‌ಸಿಆರ್‌ಎ) ತಿದ್ದುಪಡಿಯಾಯಿತು. ಒಂದು ಸಂಸ್ಥೆ ಇನ್ನೊಂದಕ್ಕೆ ಆ ಹಣ ದಾಟಿಸುವ ಹಾಗಿಲ್ಲ. ನಮ್ಮ ವ್ಯಾನ್ ನಿಂತಿತು. ವ್ಯಾನ್ ನಿಂತ ಮೇಲೆ ಹಳ್ಳಿಯ ಮಕ್ಕಳು ನಿಂತರು. ನನ್ನ ಸಂಬಳ 12,000, ಅದರಲ್ಲೂ ಎರಡು ತಿಂಗಳದ್ದು ಬಾಕಿ. ದೀಪಾವಳಿಗೆ ದಾನಿಗಳ ಮನೆ ಮನೆ ಹತ್ತಿ ಹಣತೆ ಮಾರಿದ್ದೇವೆ. ‘ಧಾಟಿ ಬದಲಾಯಿತು’ ಅನ್ನುವುದು ಸುಲಭ.

ಮೈಸೂರು, ಮನೆಯಲ್ಲೇ ನೋಡಿಕೊಳ್ಳುವವಳು:
ನಿಮ್ಮ ಸಂಬಳದ ಕಷ್ಟ ನನ್ನ ಮಗನ ತೂಕ ತಂದುಕೊಡುವುದಿಲ್ಲ ಮೇಡಂ. ನಾನು ರಸೀದಿ ಕೇಳಿದೆ, ಅಷ್ಟೇ.

ವಿಶೇಷ ಶಿಕ್ಷಕಿ, ಉತ್ತರ ಕನ್ನಡ:
ರಸೀದಿ ಕೊಡದವರು ತಪ್ಪು. ಅದನ್ನು ಎಲ್ಲ ಸಂಸ್ಥೆಗಳ ತಲೆಗೆ ಕಟ್ಟಬೇಡಿ. 80ಜಿ, ಅಂದರೆ ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ ನೋಂದಣಿ ಇರುವವರು ದೇಣಿಗೆಗೆ ರಸೀದಿ ಕೊಡಲೇಬೇಕು, ವರ್ಷದ ಲೆಕ್ಕವನ್ನೂ ಕೇಳಿ ನೋಡಬಹುದು. ಸೇರಿಸುವ ಮೊದಲು ಕೇಳಿ.

ಹುಬ್ಬಳ್ಳಿ ನಿವೃತ್ತ:
ನೀವೆಲ್ಲ ಕೇಂದ್ರದ ವಿಷಯ ಮಾತಾಡುತ್ತಿದ್ದೀರಿ. 18 ಆದ ಮೇಲೆ ಮೊದಲು ಮಾಡಬೇಕಾದದ್ದು ಪಾಲಕರ ನೇಮಕ, ಅಂದರೆ ಅವರ ಪರವಾಗಿ ಸಹಿ, ವ್ಯವಹಾರ ಮಾಡಲು ಕಾನೂನಿನಂತೆ ಒಬ್ಬರನ್ನು ನೇಮಿಸುವುದು. ಬ್ಯಾಂಕಿನವರು ನನ್ನ ಮಗನ ಖಾತೆ ತಡೆದರು. ‘ಅವರೇ ಸಹಿ ಹಾಕಲಿ’ ಅಂದರು. ಅವನಿಗೆ ಪೆನ್ನು ಹಿಡಿಯಲು ಬರಲ್ಲ! 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಡಿಸಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿದೆ. ಕಡತ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹೋಗಲಿಲ್ಲ. ವಕೀಲರನ್ನು ಹಿಡಿದೆ. ಅವರ ಫೀ 18,000, ಅಫಿಡವಿಟ್, ನೋಟರಿ, ಜೆರಾಕ್ಸ್ ಸೇರಿ 1,350.

ಹಾಸನದ ಅಪ್ಪ:
ಸರ್, ಆ ಅರ್ಜಿಗೆ ವಕೀಲರು ಬೇಕೇ ಇಲ್ಲ. ಸಮಿತಿಯಲ್ಲಿ ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಒಬ್ಬರು ಇರುತ್ತಾರೆ. ನಮ್ಮ ಕೇಂದ್ರದವರೇ ಅರ್ಜಿ ತುಂಬಿ ಕೊಟ್ಟರು, ಒಂದು ಪೈಸೆ ತೆಗೆದುಕೊಳ್ಳಲಿಲ್ಲ.

ಹುಬ್ಬಳ್ಳಿ ನಿವೃತ್ತ:
ನಿಮ್ಮ ಜಿಲ್ಲೆಯಲ್ಲಿ ಬೇಕಾಗದೆ ಇರಬಹುದು. ವಕೀಲರು ಹೋಗುವವರೆಗೆ ನನ್ನ ಕಡತ ಕದಲಲಿಲ್ಲ. ನನ್ನ ವಯಸ್ಸಿಗೆ ಕಚೇರಿ ಮೆಟ್ಟಿಲು ಹತ್ತಿ ನೋಡಿ, ಆಮೇಲೆ ಹೇಳಿ.

ಬೆಂಗಳೂರು, ತಂಗಿ:
ನನ್ನಣ್ಣನಿಗೆ ನಾನೇ ಪಾಲಕಿ. ಒಂದು ಮಾತು ಯಾರೂ ಹೇಳುತ್ತಿಲ್ಲ. ನೇಮಕವಾದ ಆರು ತಿಂಗಳೊಳಗೆ, ನಾವು ಯಾರಿಗೆ ಪಾಲಕರೋ ಅವರ ಆಸ್ತಿಯ ಪಟ್ಟಿಯನ್ನು ಸಮಿತಿಗೆ ಕೊಡಬೇಕು, ಆಮೇಲೆ ವರ್ಷವರ್ಷ ಲೆಕ್ಕ ಒಪ್ಪಿಸಬೇಕು. ಅಪ್ಪ ಅಮ್ಮ ನನ್ನನ್ನು ಕೇಳದೆಯೇ ನನ್ನ ಹೆಸರು ಬರೆದರು. ತುಮಕೂರು ಅಮ್ಮ, ನಿಮಗೆ ಇನ್ನೊಬ್ಬ ಮಗಳೋ ಮಗನೋ ಇದ್ದರೆ ಮೊದಲು ಅವರನ್ನು ಕೂರಿಸಿ ಕೇಳಿ.

ಹುಬ್ಬಳ್ಳಿ ನಿವೃತ್ತ:
ಒಡಹುಟ್ಟಿದವರನ್ನು ನೋಡಿಕೊಳ್ಳಲು ಕೇಳಬೇಕಾ? ಕಾಲ ಕೆಟ್ಟಿತು.

ಬೆಂಗಳೂರು, ತಂಗಿ:
ಕೇಳಬೇಕು ಸರ್. ಅಣ್ಣನಿಗೆ ಸ್ನಾನ ಮಾಡಿಸುವುದು ನಾನು, ನೀವಲ್ಲ.

ತುಮಕೂರು ಅಮ್ಮ:
ಎಲ್ಲರಿಗೂ ಧನ್ಯವಾದ. ಗದ್ದಲಕ್ಕೆ ಕಿರುಚುವ ಮಕ್ಕಳನ್ನು ಕೇಂದ್ರದಲ್ಲಿ ಹೇಗೆ ನೋಡಿಕೊಳ್ಳುತ್ತಾರೆ ಅಂತ ಯಾರಾದರೂ ಹೇಳಿ.

ವಿಶೇಷ ಶಿಕ್ಷಕಿ, ಉತ್ತರ ಕನ್ನಡ:
ಮೊದಲು ಅರ್ಧ ದಿನ ಮಾತ್ರ ಕಳಿಸಿ, ನೀವೂ ಜೊತೆಗೆ ಕುಳಿತಿರಿ. ಮೂಲೆಯಲ್ಲಿ ಬೇರೆ ಚಾಪೆ, ಕೈಗೆ ಒಂದೇ ಕೆಲಸ. ಪೋಷಕರು ಒಳಗೆ ಕೂರಬೇಡಿ ಅನ್ನುವ ಕೇಂದ್ರವಾದರೆ ಸೇರಿಸಬೇಡಿ.

ಮೈಸೂರು, ಮನೆಯಲ್ಲೇ ನೋಡಿಕೊಳ್ಳುವವಳು:
ಇದೊಂದು ಮಾತು ಒಪ್ಪುತ್ತೇನೆ. ನನ್ನನ್ನು ಗೇಟಿನ ಹೊರಗೇ ನಿಲ್ಲಿಸಿದ್ದರು.