ಸಹಾಯ ಬೇಕು: ತಂದೆಯವರ ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆಯ ಆಯ್ಕೆ

72 ವರ್ಷದ ನನ್ನ ತಂದೆಯವರ ಸೊಂಟನೋವನ್ನು ತೋಟದ ಕೆಲಸದ ಆಯಾಸವೆಂದೇ ತಿಳಿದು ನಾಲ್ಕು ತಿಂಗಳು ಎಣ್ಣೆ ತಿಕ್ಕುತ್ತ ಕಳೆದೆವು. ಈಗ ಪ್ರಾಸ್ಟೇಟ್‌ನ ರಕ್ತಪರೀಕ್ಷೆಯಾದ ಪಿಎಸ್‌ಎ 186 ಬಂದಿದೆ, ಬಹಳ ಹೆಚ್ಚು. ಬಯಾಪ್ಸಿಯಲ್ಲಿ ಕ್ಯಾನ್ಸರಿನ ಉಗ್ರತೆ ಹೇಳುವ ಗ್ಲೀಸನ್ ಅಂಕ 4+5, ಬೋನ್ ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ತುಂಬ ಕಪ್ಪು ಚುಕ್ಕೆಗಳು, ಅಂದರೆ ಕ್ಯಾನ್ಸರ್ ಮೂಳೆಗೆ ಹರಡಿದೆ. ಈ ಕ್ಯಾನ್ಸರನ್ನು ಬೆಳೆಸುವ ಟೆಸ್ಟೋಸ್ಟಿರೋನ್ ಹಾರ್ಮೋನನ್ನು ತಗ್ಗಿಸಲು ವೃಷಣ ತೆಗೆಯುವ ಶಸ್ತ್ರಚಿಕಿತ್ಸೆ ಇಲ್ಲವೇ ಮೂರು ತಿಂಗಳಿಗೊಮ್ಮೆ ಲ್ಯುಪ್ರೊಲೈಡ್ ಇಂಜೆಕ್ಷನ್, ಅದರೊಂದಿಗೆ ಅಬಿರಾಟೆರೋನ್ ಮಾತ್ರೆ ಅಥವಾ ಆರು ಸುತ್ತು ಡೋಸಿಟ್ಯಾಕ್ಸೆಲ್ ಕಿಮೋ ಎಂದು ವೈದ್ಯರು ಹೇಳಿದ್ದಾರೆ. ಶಸ್ತ್ರಚಿಕಿತ್ಸೆ ಒಮ್ಮೆಗೇ ಮುಗಿಯುತ್ತದೆ, ಖರ್ಚೂ ಕಡಿಮೆ, ಆದರೆ ಮರಳುವ ದಾರಿಯಿಲ್ಲ. ತಂದೆಯವರು ಮಾತ್ರ ‘ಪದೇ ಪದೇ ಸೂಜಿ ಯಾಕಪ್ಪ’ ಎನ್ನುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇರುವುದರಿಂದ, ಅಬಿರಾಟೆರೋನ್ ಜೊತೆ ಕೊಡುವ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್‌ನಿಂದ ಸಕ್ಕರೆ ಏರಿದಾಗ ನಿಮ್ಮ ಮನೆಗಳಲ್ಲಿ ಹೇಗೆ ನಿಭಾಯಿಸಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಎರಡನೆಯ ಅಭಿಪ್ರಾಯ ಪಡೆದವರು, ವರದಿಗಳ ಜೊತೆ ಬಯಾಪ್ಸಿ ಬ್ಲಾಕನ್ನೂ (ಮೇಣದಲ್ಲಿ ಕಾಪಾಡಿಟ್ಟ ಅಂಗಾಂಶದ ತುಣುಕು) ಒಯ್ಯಬೇಕೇ ಎಂದು ಹೇಳಿದರೆ ಉಪಕಾರವಾಗುತ್ತದೆ. ನಾಟಿ ಔಷಧಿಯ ಸಲಹೆ ಬೇಡ.