ಕೋಳಿ ತಾಕಿಗೆ ‘ವಿಶ್ರಾಂತಿ’: ಒಂದು ಪದವೋ, ಎರಡೋ?

ಪ್ರಶ್ನೆ: ಬೆಂಗಳೂರಿನ ಹೊರವಲಯದಲ್ಲಿ ಹಿತ್ತಲಿನಲ್ಲಿ ಕೋಳಿ ಸಾಕುವವರಿಗೆಂದು ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. 20×40 ಅಡಿ ಜಾಗವನ್ನು ನಾಲ್ಕು ಪಾಲು ಮಾಡಿ, ಆರು ಹೇಟೆಗಳನ್ನು ವಾರಕ್ಕೊಂದು ಪಾಲಿನಲ್ಲಿ ಬಿಡುವ ಕ್ರಮ. ಕರಡಿನಲ್ಲಿ ‘ಆವರ್ತಕ ಮೇಯಿಸುವಿಕೆ’, ‘ಹುಲ್ಲುಗಾವಲಿಗೆ ವಿಶ್ರಾಂತಿ’, ‘ಬಲಿ ಪ್ರದೇಶ’ ಎಂದೆಲ್ಲ ಇದೆ. ಬಳಕೆಯ ಮಾತು ಯಾವುದು? ಕೋಳಿಗೆ ‘ಮೇಯು’ ಅನ್ನಬಹುದೇ?

ಉತ್ತರ: ಅನ್ನಬಹುದು. ‘ಕೋಳಿ ಮೇಯೋಕೆ ಬಿಟ್ಟಿದೆ’ ಎಂಬುದು ಈ ಸೀಮೆಯ ದಿನದ ಮಾತು. ಆದರೆ ಹಸು ಹುಲ್ಲಿನ ಮೇಲ್ಭಾಗ ತಿಂದು ಬುಡ ಉಳಿಸುತ್ತದೆ, ಕೋಳಿ ಕೆದರಿ ಬುಡವನ್ನೇ ಎಬ್ಬಿಸುತ್ತದೆ. ಕೈಪಿಡಿಯಲ್ಲಿ ‘ಮೇಯು’ ಜೊತೆಗೆ ‘ಕೆದರು’ ಕೂಡ ಬರಲಿ. ಜಾಗ ಬದಲಿಸುವುದು ಏಕೆಂದು ಆಗ ಬಿಡಿಸಿ ಹೇಳಬೇಕಿಲ್ಲ. ಗರಿಕೆ ನಾಲ್ಕೈದು ಇಂಚು ಬೆಳೆದಾಗ ಬಿಡುವುದು, ಎರಡು ಇಂಚಿಗೆ ಇಳಿದಾಗ ಎಬ್ಬಿಸುವುದು. ‘ವಾರಕ್ಕೊಮ್ಮೆ’ ಅಂದಾಜು ಮಾತ್ರ, ಅಳತೆ ಹುಲ್ಲಿನದು. ಮೊಣಕಾಲೆತ್ತರ ಬಲಿತ ಹುಲ್ಲಿಗೆ ಬಿಟ್ಟರೆ ನಾರು ನುಂಗಿ ಕತ್ತಿನ ಬುಡದ ಮೇವಿನ ಚೀಲ ಗಂಟುಕಟ್ಟುತ್ತದೆ.

ಪಾಲಿಗೆ ‘ತಾಕು’ ಎನ್ನಿ. ಪ್ರಾತ್ಯಕ್ಷಿಕೆ ತಾಕು ಎಂದು ಕೃಷಿಯವರು ಬಳಸುವ ಪದವೇ ಇದು. ‘ಮಡಿ’ ಬೇಡ. ಸಸಿಮಡಿ ಗೊತ್ತಿಲ್ಲದವರು ‘ಮಡಿಯಲ್ಲಿ ಕೋಳಿ’ ಓದಿ ನಕ್ಕಾರು. ‘ಆವರ್ತಕ ಮೇಯಿಸುವಿಕೆ’ಗೆ ‘ಸರದಿ ಮೇವು’ ಸಾಕು.

ಇನ್ನು ‘ವಿಶ್ರಾಂತಿ’. ಮಾತು ಆಸ್ಪತ್ರೆಯದು ಎನ್ನುವುದು ಸಣ್ಣ ದೋಷ. ದೊಡ್ಡದು ಬೇರೆ: ಇದರೊಳಗೆ ಎರಡು ಕೆಲಸಗಳು ಕಲಸಿಹೋಗಿವೆ. ಮೂರು ವಾರ ಬಿಟ್ಟರೆ ಮಳೆಗಾಲದಲ್ಲಿ ಗರಿಕೆ ಮತ್ತೆ ಬರುತ್ತದೆ. ಇದು ‘ಚಿಗುರಲು ಬಿಡುವುದು’. ಅಷ್ಟರಲ್ಲೇ ರೋಗವೂ ಹೋಯಿತು ಎಂದು ಕರಡು ಹೇಳುತ್ತದೆ, ಅದು ತಪ್ಪು. ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರಜೀವಿ ಹಿಕ್ಕೆಯಲ್ಲಿ ಬಿದ್ದು, ತೇವ ಮತ್ತು ಬಿಸಿ ಸಿಕ್ಕರೆ ಒಂದೆರಡು ದಿನದಲ್ಲೇ ಸೋಂಕಿಗೆ ತಯಾರಾಗುತ್ತದೆ. ಆಮೇಲೆ ನೆರಳಿನ ಒದ್ದೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಜಂತುಹುಳದ ಮೊಟ್ಟೆಯಂತೂ ಎರಡು ಮೂರು ವಾರಕ್ಕೆ ಹದಕ್ಕೆ ಬರುತ್ತದೆ, ಅಂದರೆ ಕೋಳಿಗಳು ಮೊದಲ ತಾಕಿಗೆ ವಾಪಸಾಗುವ ಹೊತ್ತಿಗೆ ಸರಿಯಾಗಿ! ಇದನ್ನು ತಗ್ಗಿಸಲು ಬೇಕಾದ್ದು ‘ಬೀಳು ಬಿಡುವುದು’: ಮಣ್ಣು ತಿರುವಿ, ಬಿಸಿಲಿಗೆ ಒಣಗಿಸಿ, ಹುರುಳಿಯನ್ನೋ ಅಲಸಂದೆಯನ್ನೋ ಬಿತ್ತಿ, ವರ್ಷದ ಮಟ್ಟಿಗೆ ಕೋಳಿ ಕಾಲಿಡದಂತೆ ನೋಡಿಕೊಳ್ಳುವುದು.

ಪದ ಎರಡಾದರೆ ಲೆಕ್ಕವೂ ಬದಲಾಗುತ್ತದೆ. ನಾಲ್ಕು ತಾಕು ಸಾಲದು, ಐದು ಬೇಕು. ನಲವತ್ತು ಅಡಿಯ ಉದ್ದಕ್ಕೆ ಎಂಟೆಂಟು ಅಡಿಗೆ ಗೆರೆ ಎಳೆದರೆ 8×20ರ ಐದು ತಾಕು, ತಲಾ 160 ಚದರ ಅಡಿ, ಹೇಟೆಗೆ ಸುಮಾರು 27 ಚದರ ಅಡಿ. ನಾಲ್ಕು ಸರದಿಯಲ್ಲಿ, ಒಂದು ಬೀಳು. ಪ್ರತಿ ವರ್ಷ ಬೀಳಿನ ತಾಕು ಬದಲಿ. ಎರಡು ತಿಂಗಳೊಳಗಿನ ಪಿಳ್ಳೆಗಳನ್ನು ದೊಡ್ಡ ಕೋಳಿ ಓಡಾಡಿದ ತಾಕಿಗೆ ಬಿಡಬಾರದು, ರಕ್ತಭೇದಿ ಹೆಚ್ಚು ಕಾಡುವುದು ಅವನ್ನೇ.

ಇದೇನೂ ಹೊರಗಿನಿಂದ ಬಂದ ಆಲೋಚನೆಯಲ್ಲ. ‘ಹುಲ್ಲುಗಾವಲು’ ಬಿಡಿಸಿದರೆ ಹುಲ್ಲು ಮತ್ತು ಕಾವಲು, ಅಂದರೆ ಕಾಯ್ದುಕೊಂಡ ಹುಲ್ಲು. ಮೈಸೂರು ಸಂಸ್ಥಾನದಲ್ಲಿ ಅಮೃತಮಹಲ್ ದನಗಳಿಗೆಂದು ಮೀಸಲಿಟ್ಟ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಬೇರೆ ಬೇರೆಯಾಗಿ ವಿಂಗಡಿಸಿದ್ದರು.

‘ಬಲಿ ಪ್ರದೇಶ’ವನ್ನು ದಯವಿಟ್ಟು ಇವತ್ತೇ ಹೊಡೆದುಹಾಕಿ. ಕೋಳಿಯ ಪಕ್ಕ ‘ಬಲಿ’ ಬಂದರೆ ಕನ್ನಡದ ಓದುಗ ಮಾರಮ್ಮನ ಜಾತ್ರೆಗೇ ಹೋಗುತ್ತಾನೆ. ಜಡಿಮಳೆಯ ದಿನ, ಹುಲ್ಲು ಏಳದ ಕಡುಬೇಸಿಗೆಯಲ್ಲಿ, ಗೂಡಿನ ಮುಂದೆ ಕೋಳಿಗಳನ್ನು ಇರಿಸುವ ಜಾಗ ಅದು. ಅಲ್ಲಿ ಹುಲ್ಲು ಉಳಿಯುವುದಿಲ್ಲವೆಂದು ಮೊದಲೇ ಒಪ್ಪಿಕೊಂಡದ್ದು. ‘ಕೆದರಂಗಳ’ ಎಂದು ಕಟ್ಟಿಕೊಳ್ಳಬಹುದೆ? ತಲೆಗೆ ಹತ್ತು ಚದರ ಅಡಿ, ಮೇಲೆ ಶೀಟು, ಕೆಳಗೆ ಆರು ಇಂಚು ಒಣ ತರಗೆಲೆ. ಬೀದಿಮರಗಳ ಕೃಪೆಯಿಂದ ಈ ಊರಿನಲ್ಲಿ ತರಗೆಲೆಗೆ ಕಾಸು ಕೊಡಬೇಕಿಲ್ಲ.

ಎತ್ತಿಡುವ ಬೇಲಿಗೆ ‘ತಡಿಕೆ’. ಸರ್ವೆ ಕಡ್ಡಿಯ ಚೌಕಟ್ಟಿಗೆ ಜಾಲರಿ ಬಿಗಿದು, ತಡಿಕೆಗೆ ತಡಿಕೆಯನ್ನು ಬೈಂಡಿಂಗ್ ತಂತಿಯಲ್ಲಿ ಕಟ್ಟುವುದು. ಅಂಗಡಿಯಲ್ಲಿ ‘ಚಿಕನ್ ಮೆಶ್’ ಎಂದು ಕೊಡುವ ಆರುಮೂಲೆ ಕಣ್ಣಿನ ಜಾಲರಿ ಕೋಳಿ ಆಚೆ ಹೋಗದಂತೆ ತಡೆಯುತ್ತದೆ, ಬೀದಿನಾಯಿ ಒಳಗೆ ಬರದಂತೆ ಅಲ್ಲ. ಹೆಸರು ನಂಬಿ ಮೋಸಹೋಗುವುದು ಇಲ್ಲೇ. ಹಗಲಿನ ತಡಿಕೆಗೆ ಅದು ಸಾಕು. ರಾತ್ರಿಯ ಗೂಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ಶೇ ಆಗಬೇಕು. ಗೂಡಿನ ಸುತ್ತ ಜಾಲರಿಯನ್ನು ಹೊರಮುಖವಾಗಿ ಒಂದಡಿ ನೆಲಕ್ಕೆ ಹಾಸಿ ಕಲ್ಲು ಹೇರುತ್ತಾರಲ್ಲ, ಅದಕ್ಕೆ ಕರಡಿನ ‘ಏಪ್ರನ್’ ಏಕೆ? ‘ಸೆರಗು’ ಇದೆ. ಹೆಗ್ಗಣವಾಗಲಿ ಮುಂಗುಸಿಯಾಗಲಿ ಗೋಡೆಯ ಬುಡದಲ್ಲೇ ತೋಡಲು ನೋಡುತ್ತದೆ, ಸೆರಗಿಗೆ ತಾಗಿ ನಿಲ್ಲುತ್ತದೆ. ಹದ್ದಿಗೆ ಮಾತ್ರ ಮೇಲೆ ಬಲೆಯೇ ಬೇಕು.

‘ಸುರಕ್ಷಿತ’ ಎಂದು ಬರೆದು ಬಿಟ್ಟರೆ ಸಾಲದು, ಯಾವುದರಿಂದ ಎಂದು ಹೇಳಿ. ಖಾಲಿ ಸೈಟಿನ ಮಣ್ಣಿನಲ್ಲಿ ಮೊಳೆ, ತಂತಿ ಚೂರು, ಗಾಜು ಇರುತ್ತವೆ. ಕೋಳಿ ಕಲ್ಲೆಂದು ನುಂಗುತ್ತದೆ. ಮೊದಲು ಅಯಸ್ಕಾಂತ ಎಳೆಯಿರಿ, ಗಾಜನ್ನು ಕೈಯಿಂದಲೇ ಆರಿಸಬೇಕು. ಉಮ್ಮತ್ತಿ, ಕಣಗಿಲೆ, ಹರಳು ಬುಡಸಹಿತ ಕೀಳಿ. ಪಾರ್ಥೇನಿಯಂ ಎಂದು ಬರೆದಲ್ಲಿ ‘ಕಾಂಗ್ರೆಸ್ ಗಿಡ’ವನ್ನೂ ಸೇರಿಸಿ, ಇಲ್ಲದಿದ್ದರೆ ಅರ್ಧ ಜನರಿಗೆ ಗುರುತೇ ಸಿಗುವುದಿಲ್ಲ.

ಇನ್ನೊಂದು: ‘ಹುಲ್ಲೇ ಆಹಾರ’ ಎಂಬ ಸಾಲು ತೆಗೆಯಿರಿ. ತಾಕಿನ ಮೇವು ಮೇಲೋಗರ ಮಾತ್ರ. ಮೊಟ್ಟೆಯಿಡುವ ಹೇಟೆಗೆ ದಿನಕ್ಕೆ 100ರಿಂದ 120 ಗ್ರಾಂ ಕಾಳು, ಫೀಡು ಹಾಕಲೇಬೇಕು.